ಏಳನೇ ನಂಬರಿನ ರಕ್ತ

ಗುಬ್ಬಿಯ ಕೊರಳಿಗೆ ನೀಲಿ ಕಾರ್ಡು ಬಿದ್ದ ದಿನದಿಂದ ಕುಡುಗೋಲಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಇಬ್ಬರೂ ಒಂದೇ ಮನೆಯ ಸೊಸೆಯರು. ವಾರಗಿತ್ತಿಯರು. ಅಣ್ಣನನ್ನು ಕಟ್ಟಿಕೊಂಡವಳು ಹಿರಿಯವಳು. ಅವಳ ಬಾಯಿಯ ಹರಿತ ನೋಡಿ ಕಾಲುವೆಯ ಹೆಂಗಸರು ಕುಡುಗೋಲು ಅಂತ ಹೆಸರಿಟ್ಟಿದ್ದರು. ತಮ್ಮನನ್ನು ಕಟ್ಟಿಕೊಂಡವಳು ಚಿಕ್ಕವಳು. ಹಿಡಿಯಷ್ಟು ಮೈ, ಬೊಗಸೆಯಷ್ಟು ದನಿ. ಅವಳು ಗುಬ್ಬಿ. ಗಂಡಂದಿರು ಲಾರಿಗೆ ಮೂಟೆ ಹೊರುವವರು. ಮನೆಯಲ್ಲಿ ಎರಡು ಕೋಣೆ, ಒಂದು ಒಲೆ, ಒಬ್ಬಳು ಅತ್ತೆ.

ಹೆಂಗಸರಿಬ್ಬರೂ ಕಾಲುವೆ ನಿಗಮದ ಕಳೆ ತಂಡದಲ್ಲಿದ್ದರು. ಬೆಳಗ್ಗೆ ಏಳಕ್ಕೆ ನೀರಿಗೆ ಇಳಿಯಬೇಕು. ಸೊಂಟದ ತನಕ ನೀರು. ಕಾಲ ಕೆಳಗೆ ಕೆಸರು. ನೀರೊಳಗೆ ಕೈ ಬಿಟ್ಟು ಕಳೆಯ ಬೇರು ತಡಕಬೇಕು, ಕೊಯ್ಯಬೇಕು, ಹೊರೆ ಮಾಡಿ ತಲೆಗೆ ಏರಿಸಿಕೊಂಡು ದಂಡೆ ಹತ್ತಬೇಕು. ಹೊರೆಯ ನೀರು ಕಣ್ಣಿಗೆ, ಬಾಯಿಗೆ, ರವಿಕೆಯೊಳಗೆ ಇಳಿಯುತ್ತದೆ. ತಿಂಗಳ ಮುಟ್ಟಿನಲ್ಲೂ ಅದೇ ನೀರು. ಮೂತ್ರಕ್ಕೆ ಜಾಗ ಅಂತ ನಿಗಮ ಕಟ್ಟಿಸಿಕೊಟ್ಟಿರಲಿಲ್ಲ. ದಂಡೆಯ ಮೇಲೆ ಮೇಸ್ತ್ರಿ, ಅವನ ಜೊತೆ ಇಬ್ಬರು ಗಂಡಸರು ಬೀಡಿ ಸೇದುತ್ತ ನಿಂತಿರುತ್ತಿದ್ದರು. ಹೆಂಗಸರು ನೀರಿನಲ್ಲೇ ನಿಂತು, ಮುಖ ಆ ಕಡೆ ತಿರುಗಿಸಿ, ಮೂತ್ರ ಬಿಡುತ್ತಿದ್ದರು.

ಹುಳ ಬಂದದ್ದು ಹಾಗೆ. ನೀರಿನಲ್ಲಿ ಬಸವನಹುಳು, ಅದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಹುಳ, ಅದು ಹೊರಬಿದ್ದು ಮನುಷ್ಯರ ಚರ್ಮ ಕೊರೆದು ಒಳಗೆ ಹೋಗುತ್ತದೆ. ರಕ್ತದಲ್ಲಿ ಸಂಸಾರ ಹೂಡುತ್ತದೆ. ವರ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಮೂತ್ರದಲ್ಲಿ ಮತ್ತೆ ನೀರಿಗೆ ಬೀಳುತ್ತದೆ. ತಂಡದಲ್ಲಿ ಇಪ್ಪತ್ತು ಜನ ಇದ್ದರು. ಎಲ್ಲರಿಗಿಂತ ಹಿರಿಯವಳಾದ ಅಜ್ಜಿಗೆ ಮೂರು ವರ್ಷ ಕೆಂಪು ಮೂತ್ರ ಹೋಯಿತು. ಯಾರಿಗೂ ಹೇಳಲಿಲ್ಲ. ಹೇಳುವ ಮಾತೇ ಅದು? ಮೂತ್ರಪಿಂಡ ಕೆಟ್ಟು, ಕಾಲು ಊದಿ, ಕಳೆಯ ಹೊರೆಯ ಪಕ್ಕದಲ್ಲೇ ಸತ್ತಳು. ಆಮೇಲೆ ದೊಡ್ಡಾಸ್ಪತ್ರೆಯಿಂದ ಒಬ್ಬ ಡಾಕ್ಟರಮ್ಮ ಬಂದಳು. ಹತ್ತೊಂಬತ್ತು ಜನರಿಗೂ ಹುಳ ಇತ್ತು.

ಡಾಕ್ಟರಮ್ಮ ಎಲ್ಲರನ್ನೂ ಗೆರೆ ಎಳೆದ ಕೋಲಿಗೆ ನಿಲ್ಲಿಸಿ, ಎತ್ತರಕ್ಕೆ ತಕ್ಕಷ್ಟು ಮಾತ್ರೆ ನುಂಗಿಸಿದಳು. ಹೆಬ್ಬೆರಳ ಉಗುರಿನಷ್ಟು ದಪ್ಪ. ವಿಷದ ಕಹಿ. ಹೊಟ್ಟೆ ಹಿಡಿದುಕೊಂಡು ಹೆಂಗಸರು ದಂಡೆಯ ಮೇಲೆ ಉರುಳಾಡಿದರು. ಆಮೇಲೆ ಡಾಕ್ಟರಮ್ಮ ಡಬ್ಬಿಯೊಂದರಲ್ಲಿ ಚೀಟಿ ಹಾಕಿ ಕುಲುಕಿದಳು. "ಹುಳ ಸತ್ತಿದೆಯೋ ಇಲ್ಲವೋ ಅಂತ ನೋಡೋ ಪರೀಕ್ಷೆ ದುಬಾರಿ. ನನ್ನ ಅಧ್ಯಯನಕ್ಕೆ ಹತ್ತು ಜನರಿಗೆ ಮಾತ್ರ ಮಾಡೋಕಾಗುತ್ತೆ" ಅಂದಳು.

ಏಳನೇ ಚೀಟಿ ಗುಬ್ಬಿಯದು. ಹತ್ತೂ ಆದವು. ಕುಡುಗೋಲಿನ ಚೀಟಿ ಡಬ್ಬಿಯಲ್ಲೇ ಉಳಿಯಿತು.

ಡಾಕ್ಟರಮ್ಮನ ಮಾತಿಗೆ ಮೂರು ತಿಂಗಳು ಯಾರನ್ನೂ ನೀರಿಗೆ ಇಳಿಸಲಿಲ್ಲ. ಆಮೇಲೆ ಆ ಹತ್ತು ಜನರ ರಕ್ತ ಪರೀಕ್ಷೆಗೆ ಹೋಯಿತು. ಹತ್ತಕ್ಕೆ ಹತ್ತೂ ಶುದ್ಧ. ಜೀವಂತ ಹುಳ ಇಲ್ಲ. ನಿಗಮದವರು ಅವರ ಕೊರಳಿಗೆ ಚೀಟಿಯ ನಂಬರು ಬರೆದ ನೀಲಿ ಕಾರ್ಡು ಹಾಕಿ, ಪೂರ್ತಿ ಕೂಲಿ ಕೊಟ್ಟು, ಮತ್ತೆ ಅದೇ ನೀರಿಗೆ ಇಳಿಸಿದರು. ಉಳಿದ ಒಂಬತ್ತು ಜನರಿಗೆ ನಿಗಮ ತನ್ನದೇ ಪರೀಕ್ಷೆ ಮಾಡಿಸಿತು. ಬೆರಳು ಚುಚ್ಚಿ ಒಂದು ಹನಿಯನ್ನು ಕಾಗದದ ಪಟ್ಟಿಯ ಮೇಲೆ ಬಿಡುವುದು. ಎರಡು ಗೆರೆ ಬಂದರೆ ಪಾಸಿಟಿವ್. ಒಂಬತ್ತು ಜನರಿಗೂ ಎರಡು ಗೆರೆ.

"ಹುಳದವರು ನೀರಿಗೆ ಇಳಿಯೋ ಹಾಗಿಲ್ಲ. ಇದು ಊರು ಕುಡಿಯೋ ನೀರು" ಅಂದ ನಿಗಮದ ಸಾಹೇಬ.

ಅಜ್ಜಿ ಇಪ್ಪತ್ತು ವರ್ಷ ಅದೇ ನೀರಲ್ಲಿ ನಿಂತಾಗ ಅದು ಊರು ಕುಡಿಯುವ ನೀರಾಗಿರಲಿಲ್ಲವೋ ಏನೋ.

ಒಂಬತ್ತು ಜನರನ್ನು ದಂಡೆಯ ಆಚೆ ಕಲ್ಲಿನಂಗಳಕ್ಕೆ ಹಾಕಿದರು. ಕಾಲುವೆಗೆ ಹಾಸುವ ಜಲ್ಲಿ ಒಡೆಯುವ ಕೆಲಸ. ಅರ್ಧ ಕೂಲಿ. ಬಿಸಿಲು. ಸುತ್ತಿಗೆ ಬಿದ್ದಲ್ಲೆಲ್ಲ ಪುಡಿ ಹಾರಿ ಕಣ್ಣಿಗೆ ಬೀಳುತ್ತಿತ್ತು. ಅವರ ಕುಡಿಯುವ ನೀರಿನ ಕೊಡಕ್ಕೆ ಮೇಸ್ತ್ರಿ ಕೆಂಪು ಬಣ್ಣ ಬಳಿದ. ಈ ಹುಳ ಮುಟ್ಟಿದರೆ ಅಂಟುವುದಿಲ್ಲ, ಎಂಜಲಿನಿಂದ ಅಂಟುವುದಿಲ್ಲ ಅಂತ ಡಾಕ್ಟರಮ್ಮ ಎಲ್ಲರೆದುರೇ ಹೇಳಿದ್ದಳು. ಮೇಸ್ತ್ರಿ ಅದನ್ನು ಕೇಳಿಸಿಕೊಂಡೇ ಬಣ್ಣ ಬಳಿದ.

ಕುಡುಗೋಲಿಗೆ ಉರಿದದ್ದು ಮೇಸ್ತ್ರಿಯ ಮೇಲಲ್ಲ. ಸಾಹೇಬನ ಮೇಲೂ ಅಲ್ಲ. ಅವರು ಮೊದಲಿನಿಂದಲೂ ಹಾಗೇ. ಅವಳಿಗೆ ಉರಿದದ್ದು ಗುಬ್ಬಿಯ ಮೇಲೆ.

ಸುತ್ತಿಗೆ ಎತ್ತಿದಾಗೆಲ್ಲ ಕಾಲುವೆ ಕಾಣುತ್ತಿತ್ತು. ಕಾಲುವೆಯಲ್ಲಿ ಗುಬ್ಬಿ ಕಾಣುತ್ತಿದ್ದಳು. ಕಳೆ ಕೊಯ್ಯುವುದನ್ನು ಅವಳಿಗೆ ಕಲಿಸಿದ್ದು ಯಾರು? ಮದುವೆಯಾಗಿ ಬಂದ ಹೊಸದರಲ್ಲಿ ಜಿಗಣೆ ಕಂಡರೆ ಕಿರುಚುತ್ತಿದ್ದಳು. ಹೊರೆ ಎತ್ತಲಾರದೆ ಅಳುತ್ತಿದ್ದಳು. ಅವಳ ಪಾಲಿನ ಅರ್ಧ ಹೊರೆಯನ್ನು ತನ್ನ ತಲೆಗೆ ಹಾಕಿಕೊಂಡವಳು ಕುಡುಗೋಲು. ಈಗ ಅವಳು ನೀರಿನಲ್ಲಿ. ಇವಳು ಕಲ್ಲಿನ ಮೇಲೆ.

ಮನೆಯಲ್ಲೂ ಲೋಕ ತಲೆಕೆಳಗಾಯಿತು. ಮೊದಲ ಬಿಸಿನೀರು ಗುಬ್ಬಿಗೆ. ಅತ್ತೆ ತನ್ನ ಕಂಬಳಿಯನ್ನು ಗುಬ್ಬಿಗೆ ಕೊಟ್ಟಳು. "ನೀರಲ್ಲಿ ನಿಂತು ಬರ್ತಾಳೆ ಪಾಪ." ಹದಿನಾಲ್ಕು ವರ್ಷ ಕುಡುಗೋಲು ನೀರಲ್ಲಿ ನಿಂತು ಬಂದಿದ್ದಳು. ಒಂದು ದಿನವೂ ಪಾಪ ಅನ್ನಿಸಿರಲಿಲ್ಲ. ಗಂಡನಂತೂ ಊಟದ ತಟ್ಟೆಯ ಮುಂದೆ ಕೂತು, "ಅದೇ ಮಾತ್ರೆ ಅವಳೂ ನುಂಗಿದ್ಲು, ನೀನೂ ನುಂಗಿದೆ. ಅವಳ ಹುಳ ಸತ್ತವು. ನಿನ್ನವು ನಿನ್ನ ಹಾಗೇ ಗಟ್ಟಿ" ಅಂದು ನಕ್ಕ. ತಮ್ಮನೂ ನಕ್ಕ. ಗುಬ್ಬಿ ನಗಲಿಲ್ಲ. ತಲೆ ತಗ್ಗಿಸಿ ತಟ್ಟೆ ಎತ್ತಿಕೊಂಡು ಹೋದಳು. ನಗದೇ ಇದ್ದದ್ದು ಕುಡುಗೋಲಿಗೆ ಇನ್ನೂ ಉರಿಯಿತು. ಒಳ್ಳೆಯವಳ ನಾಟಕ ಅಂದುಕೊಂಡಳು.

ಆರು ತಿಂಗಳು ಕಳೆಯಿತು. ಹತ್ತು ಜನರ ಎರಡನೇ ರಕ್ತದ ದಿನ ಬಂತು. ಹಿಂದಿನ ಸಂಜೆ ಗುಬ್ಬಿ ಒಲೆಯ ಹತ್ತಿರ ಬಂದು ಕೂತಳು. ಸುಮ್ಮನೆ ಬೂದಿ ಕೆದಕಿದಳು.

"ಅಕ್ಕಾ, ನಾಳೆ ಒಂದು ಕೆಲಸ ಆಗಬೇಕು."

"ಹೇಳು. ಕಾರ್ಡಿನವರು ನೀವು. ಹೇಳಿದ್ದು ಮಾಡೋರು ನಾವು."

"ನನ್ನ ಬದಲು ನೀನು ಹೋಗಿ ರಕ್ತ ಕೊಟ್ಟು ಬಾ."

ಕುಡುಗೋಲು ತಿರುಗಿ ನೋಡಿದಳು.

"ನಾಳೆ ತೂಬಿನ ಬಾಯಿ ಬಿಡಿಸೋದಿದೆ. ಮೇಸ್ತ್ರಿ ರಜೆ ಕೊಡಲ್ಲ ಅಂದ. ಅಲ್ಲಿ ಮುಖ ಯಾರೂ ನೋಡಲ್ಲಕ್ಕ. ಡಾಕ್ಟರಮ್ಮ ಊರಲ್ಲಿಲ್ಲ. ಹೊಸ ಹುಡುಗ ಒಬ್ಬ ಕೂತಿರ್ತಾನೆ. ಕಾರ್ಡು ತೋರಿಸಿದ್ರೆ ನಂಬರು ಬರ್ಕೋತಾನೆ, ಅಷ್ಟೇ."

ನಾಳೆ ತಪ್ಪಿದರೆ ನಾಳಿದ್ದು ಹೋಗಬಹುದಲ್ಲ ಅಂತ ಕುಡುಗೋಲು ಕೇಳಬಹುದಿತ್ತು. ಕೇಳಲಿಲ್ಲ. ಅಷ್ಟರಲ್ಲಿ ಅವಳ ತಲೆಯಲ್ಲಿ ಬೇರೆಯೇ ದೀಪ ಹತ್ತಿತ್ತು. ನನ್ನ ಮೈಯಲ್ಲಿ ಹುಳ ಇದೆ. ಎರಡು ಗೆರೆಯ ಹುಳ. ಆ ರಕ್ತ ಗುಬ್ಬಿಯ ಹೆಸರಿನಲ್ಲಿ ಹೋದರೆ ಗುಬ್ಬಿಗೇ ಹುಳ. ಕಾರ್ಡು ಕೊರಳಿನಿಂದ ಕೆಳಗೆ. ಗುಬ್ಬಿ ಕಲ್ಲಿನ ಮೇಲೆ.

"ಆಯ್ತು ಕೊಡು" ಅಂದಳು. ದನಿಯಲ್ಲಿ ಜೇನು. ಕಾರ್ಡು ಇಸಿದುಕೊಂಡು ಕೊರಳಿಗೆ ಹಾಕಿಕೊಂಡಳು. ಹಗುರವಾಗಿತ್ತು. ಇಷ್ಟು ಹಗುರದ ವಸ್ತುವಿಗೆ ಆರು ತಿಂಗಳು ತಾನು ನಿದ್ದೆಗೆಟ್ಟೆ ಅನ್ನಿಸಿತು.

ಮಾರನೆಯ ದಿನ ದೊಡ್ಡಾಸ್ಪತ್ರೆ. ಹಸಿರು ಬಣ್ಣದ ಉದ್ದ ಓಣಿ, ತುದಿಯಲ್ಲಿ ಒಂದು ಕೋಣೆ. ಫ್ಯಾನು ತಿರುಗುತ್ತಿತ್ತು. ಕೂರಲು ಕುರ್ಚಿ ಕೊಟ್ಟರು. ಕುರ್ಚಿ! ನಿಗಮದಲ್ಲಿ ಬೆರಳು ಚುಚ್ಚುವಾಗ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರಿಸಿದ್ದರು. ಲ್ಯಾಬಿನ ಹುಡುಗ ಕಾರ್ಡು ನೋಡಿ "ಏಳು" ಅಂತ ಬರೆದುಕೊಂಡ. ಮುಖ ನೋಡಲಿಲ್ಲ.

"ಮೂತ್ರದಲ್ಲಿ ಉರಿ ಇದೆಯಾ?"

"ಇಲ್ಲ."

"ಹೊಟ್ಟೆ ಉರಿ?"

"ಅದು ಬೇಕಾದಷ್ಟಿದೆ. ಬರ್ಕೊಳಪ್ಪ."

ಹುಡುಗ ಅದನ್ನೂ ಬರೆದುಕೊಂಡ. ತೋಳಿಗೆ ಪಟ್ಟಿ ಕಟ್ಟಿ ಸೂಜಿ ಚುಚ್ಚಿದ. ಗಾಜಿನ ಕೊಳವೆಗೆ ಕಪ್ಪು ರಕ್ತ ಏರಿತು. ಕುಡುಗೋಲಿಗೆ ಸುಮ್ಮನಿರಲು ಆಗಲಿಲ್ಲ.

"ಅಲ್ಲಪ್ಪ, ಆಫೀಸಿನ ಪಟ್ಟೀಲಿ ಹುಳ ಇದೆ ಅಂತ ಬರುತ್ತಲ್ಲ. ನಿಮ್ಮದ್ರಲ್ಲೂ ಹಾಗೇ ಬರುತ್ತಾ?"

"ಯಾವುದು, ಎರಡು ಗೆರೆದಾ?" ಹುಡುಗ ನಕ್ಕ. "ಅದು ಹುಳ ನೋಡೋದಲ್ಲ ಕಣಮ್ಮ. ಮನೆಗೆ ಕಳ್ಳ ಬಂದ್ರೆ ನಾಯಿ ಬೊಗಳುತ್ತೆ ಅಲ್ವಾ? ಕಳ್ಳ ಓಡಿಹೋದ ಮೇಲೂ ಬೊಗಳ್ತಾನೇ ಇರುತ್ತೆ. ಮೈ ಕೂಡ ಹಾಗೇ. ಹುಳ ಸತ್ತು ವರ್ಷಗಳಾದ್ರೂ ಬೊಗಳುತ್ತೆ. ಆ ಪಟ್ಟಿಗೆ ನಾಯಿ ಬೊಗಳಿಕೆ ಮಾತ್ರ ಕೇಳುತ್ತೆ. ನಮ್ಮ ಯಂತ್ರ ಕಳ್ಳನ್ನೇ ಹುಡುಕುತ್ತೆ. ಹುಳ ಬದುಕಿದ್ರೆ ರಕ್ತದೊಳಗೆ ಉಗುಳ್ತಾ ಇರುತ್ತೆ. ಆ ಉಗುಳು ಸಿಕ್ಕಿದ್ರೆ ಹುಳ ಇದೆ. ಸತ್ತರೆ ಕೆಲವು ವಾರದಲ್ಲಿ ಉಗುಳೂ ನಿಲ್ಲುತ್ತೆ."

"ಹಾಗಾದ್ರೆ ಎರಡು ಗೆರೆ ಬಂದೋರಿಗೆ ಹುಳ ಇಲ್ಲದೇನೂ ಇರಬಹುದಾ?"

"ಇರಬಹುದು. ಮೇಡಂ ನಿಮ್ಮ ನಿಗಮಕ್ಕೆ ಎರಡು ಸಲ ಕಾಗದ ಬರೆದ್ರು, ಮಾತ್ರೆ ತಗೊಂಡೋರಿಗೆ ಆ ಪಟ್ಟಿ ಹಾಕಬೇಡಿ ಅಂತ. ಉತ್ತರಾನೇ ಇಲ್ಲ."

ಹತ್ತಿ ಒತ್ತಿಕೊಂಡು ಕುಡುಗೋಲು ಹೊರಗೆ ಬಂದಳು. ಬುದ್ಧಿ ನೆಟ್ಟಗಿದ್ದರೆ ಅವಳು ಅಲ್ಲೇ ನಿಂತು, ಆರು ತಿಂಗಳ ಅರ್ಧ ಕೂಲಿ ಯಾಕೆ ಅಂತ ಕೂಗಬೇಕಿತ್ತು. ಹೊಟ್ಟೆಕಿಚ್ಚಿಗೆ ಬುದ್ಧಿಯ ಹಂಗಿಲ್ಲ. ದಾರಿಯುದ್ದಕ್ಕೂ ಅವಳಿಗೆ ಹತ್ತಿದ ಚಿಂತೆ ಒಂದೇ. ನನ್ನ ಹುಳ ನಿಜವಾಗಿಯೂ ಸತ್ತು ಹೋಗಿದ್ದರೆ? ಗುಬ್ಬಿಯ ಕಾರ್ಡು ಉಳಿದುಬಿಡುತ್ತದಲ್ಲ! ಸಾಯಬೇಡ್ರೋ ಅಂತ ತನ್ನ ರಕ್ತದೊಳಗಿನ ಹುಳಗಳಿಗೆ ಹೇಳಿಕೊಂಡಳು. ಇಷ್ಟು ವರ್ಷ ಸಾಕಿದ್ದೀನಿ. ಒಂದು ಸಲ, ಒಂದೇ ಒಂದು ಸಲ, ನನಗಾಗಿ ಉಗುಳಿ.

ಎರಡು ವಾರ ಅವಳು ಹಾಡಿಕೊಂಡು ಕಲ್ಲು ಒಡೆದಳು. ಜೊತೆಯವರು ಮುಖ ಮುಖ ನೋಡಿಕೊಂಡರು.

ಫಲಿತಾಂಶದ ಒಂದು ಪ್ರತಿ ನಿಗಮಕ್ಕೂ ಹೋಗುತ್ತಿತ್ತು. ಸಾಹೇಬ ಜೀಪಿನಲ್ಲಿ ಬಂದು, ಹತ್ತೊಂಬತ್ತು ಜನರನ್ನೂ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿದ. ಕಾಗದ ಬಿಡಿಸಿ ಓದಿದ.

ಒಂದು, ಹುಳ ಇದೆ. ಎರಡು, ಹುಳ ಇದೆ. ಮೂರು, ಇದೆ. ಹೆಸರು ಹಿಡಿದು ಕರೆಯುವುದು, ಮೇಸ್ತ್ರಿ ಕಾರ್ಡು ಕಿತ್ತುಕೊಳ್ಳುವುದು. ಆರರ ತನಕ ಹಾಗೇ ನಡೆಯಿತು.

"ಏಳು. ಶುದ್ಧ. ಹುಳ ಇಲ್ಲ."

ಕುಡುಗೋಲಿನ ಕಿವಿಯಲ್ಲಿ ಗುಂಯ್ ಅಂದಿತು. ಮುಂದಿನ ಮೂವರಿಗೂ ಹುಳ ಇತ್ತು. ಅದು ಅವಳಿಗೆ ಕೇಳಿಸಲೇ ಇಲ್ಲ. ನನ್ನ ರಕ್ತವೂ ಅವಳ ಕಡೆಗೇ ಹೋಯಿತು. ಗಂಡ ಹೋದ, ಅತ್ತೆ ಹೋದಳು, ಕೊನೆಗೆ ನನ್ನ ಮೈಯ ರಕ್ತವೂ ಹೋಗಿ ಅವಳಿಗೆ ಸಾಕ್ಷಿ ಹೇಳಿತು.

ಸಾಹೇಬ ಕಾಗದ ಮಡಚಿದ. ಮುಖದಲ್ಲಿ ಗೆದ್ದ ಕಳೆ.

"ನೋಡಿ ಇವಳನ್ನ. ಅದೇ ನೀರು. ಅದೇ ಆರು ತಿಂಗಳು. ಒಬ್ಬಳಿಗೆ ಏನೂ ಇಲ್ಲ. ಅಂದ್ರೆ ತಪ್ಪು ನೀರಿಂದಲ್ಲ. ನಿಮ್ಮದು. ನಿಮ್ಮ ಗಲೀಜು ಅಭ್ಯಾಸದ್ದು. ಎಲ್ಲೆಲ್ಲಿಯ ಹೊಂಡಕ್ಕೆ ಇಳೀತೀರೋ, ನಿಗಮಕ್ಕೆ ಕೆಟ್ಟ ಹೆಸರು ತರ್ತೀರಿ. ನಾಳೆಯಿಂದ ಇವಳೇ ತಂಡದ ಮುಂದಾಳು. ಉಳಿದೋರೆಲ್ಲ ಬೆಳಗ್ಗೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಕಾಯಿಲೆ ಬಂದಿದ್ದು ನಮ್ಮ ಅಭ್ಯಾಸದಿಂದ, ನಿಗಮದ ನೀರಿಂದಲ್ಲ ಅಂತ. ಒತ್ತಿದೋರಿಗೆ ಕೆಲಸ. ಒತ್ತದೇ ಇದ್ದೋರಿಗೆ ದಾರಿ ಅಲ್ಲಿದೆ."

ಒಂಬತ್ತು ಕಾರ್ಡು ಮೇಸ್ತ್ರಿಯ ಕೈಯಲ್ಲಿ ನೇತಾಡುತ್ತಿದ್ದವು. ಗುಬ್ಬಿ ತನ್ನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮುಖ ಸುಣ್ಣ.

ಮನೆಗೆ ಬಂದ ಕುಡುಗೋಲು ನೇರ ಗುಬ್ಬಿಯ ಕೋಣೆಗೆ ನುಗ್ಗಿದಳು. ಗುಬ್ಬಿ ಅಲ್ಲಿರಲಿಲ್ಲ. ಹಿತ್ತಿಲ ಬಚ್ಚಲಲ್ಲಿ ಕೂತಿದ್ದಳು. ಬಾಗಿಲಿಗೆ ಕಟ್ಟಿದ ಗೋಣಿ ಪಕ್ಕಕ್ಕೆ ಸರಿದಿತ್ತು. ಕಲ್ಲಿನ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಗುಬ್ಬಿ ಗೋಡೆ ಹಿಡಿದು ಹಲ್ಲು ಕಚ್ಚಿದ್ದಳು.

"ಮುಟ್ಟಾ?" ಅಂದಳು ಕುಡುಗೋಲು. ಕೇಳುವಾಗಲೇ ಅಲ್ಲವೆಂದು ಅವಳಿಗೆ ಗೊತ್ತಿತ್ತು.

ಗುಬ್ಬಿ ತಲೆ ಅಲ್ಲಾಡಿಸಿದಳು. "ಒಂದು ತಿಂಗಳಾಯ್ತಕ್ಕ."

"ಅದಕ್ಕೇ ನನ್ನ ಕಳಿಸಿದೆ?"

"ಹೂಂ."

"ನನಗೂ ಹುಳ ಇದೆ ಅಂತ ಆಫೀಸಿನೋರು ಬರೆದಿದ್ರಲ್ಲೇ!"

"ನಿನಗೆ ಇರಲ್ಲ ಅಂತ ನನಗೆ ಅನ್ನಿಸಿತ್ತು. ಮಾತ್ರೆ ನುಂಗಿದ ಮೇಲೆ ನೀನು ನೀರು ಮುಟ್ಟಿಲ್ಲ. ನಾನು ದಿನಾ ಮುಳುಗಿ ಏಳ್ತಿದ್ದೆ. ಯಾರ ಮೈಯಲ್ಲಿ ಇರುತ್ತೆ ಹೇಳು?" ಗುಬ್ಬಿ ಗೋಡೆ ಬಿಟ್ಟು ನೆಲದ ಮೇಲೆ ಕೂತಳು. "ನಿನಗೆ ಗೊತ್ತಾ ಅಕ್ಕ, ನೀರಲ್ಲಿ ನಿಂತು ನಾನು ನಿನ್ನನ್ನೇ ನೋಡ್ತಿದ್ದೆ. ಒಣಗಿದ ಬಟ್ಟೆ ಉಟ್ಕೊಂಡು, ಒಣಗಿದ ನೆಲದ ಮೇಲೆ ಕೂತಿರ್ತಿದ್ದೆ ನೀನು. ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ ಆಗ್ತಿತ್ತು. ಇವಳಿಗೆ ಬಂದ ಎರಡು ಗೆರೆ ನನಗ್ಯಾಕೆ ಬರಲಿಲ್ಲ ಅಂತ."

ಕುಡುಗೋಲು ಬಚ್ಚಲ ಹೊಸ್ತಿಲ ಮೇಲೆ ಕೂತಳು. ಆರು ತಿಂಗಳು ತಾನು ಯಾವುದಕ್ಕೆ ಕರುಬಿದೆ? ಸೊಂಟದುದ್ದದ ವಿಷದ ನೀರಿಗೆ. ಇವಳು ಯಾವುದಕ್ಕೆ ಕರುಬಿದಳು? ಅಂಗೈ ಒಡೆಯುವ ಕಲ್ಲಿಗೆ. ಇಬ್ಬರನ್ನೂ ಆ ಕಡೆ ಒಬ್ಬಳು ಈ ಕಡೆ ಒಬ್ಬಳು ಅಂತ ನಿಲ್ಲಿಸಿದವರು ಮಾತ್ರ ಬೆಚ್ಚಗೆ ಜೀಪಿನಲ್ಲಿ ಓಡಾಡುತ್ತಿದ್ದರು.

ಹಾಗಂತ ಅವಳ ಸಿಟ್ಟು ಇಳಿಯಲಿಲ್ಲ. "ನನ್ನ ರಕ್ತದಿಂದ ನೀನು ಮುಂದಾಳು ಆಗ್ತೀಯ. ಅದೇ ರಕ್ತ ತೋರಿಸಿ ನನ್ನ ಹತ್ರ ಹೆಬ್ಬೆಟ್ಟು ಒತ್ತಿಸ್ಕೋತಾರೆ. ಚೆನ್ನಾಗಿದೆ ಕಣೆ" ಅಂದಳು. ಆಮೇಲೆ ಒಂದು ಕೊಡ ನೀರು ತಂದು ಬಚ್ಚಲು ತೊಳೆದಳು. ಅತ್ತೆಯ ಕಣ್ಣಿಗೆ ಬೀಳಬಾರದಿತ್ತು.

ಬೆಳಗ್ಗೆ ದಂಡೆಯ ಮೇಲೆ ಮೇಜು ಹಾಕಿದ್ದರು. ಮೇಜಿನ ಮೇಲೆ ಕಾಗದ, ಶಾಯಿಯ ಡಬ್ಬಿ. ಸಾಹೇಬ ಕುರ್ಚಿಯಲ್ಲಿ. ಡಾಕ್ಟರಮ್ಮನೂ ಬಂದಿದ್ದಳು. ಹತ್ತರಲ್ಲಿ ಒಬ್ಬಳು ಮಾತ್ರ ಶುದ್ಧ ಅಂದದ್ದು ಅವಳ ತಲೆಗೆ ಹತ್ತಿರಲಿಲ್ಲ. ಅದನ್ನು ಕೇಳಲು ಬಂದಿದ್ದಳು.

ಮೇಸ್ತ್ರಿ ಮೊದಲು ಕರೆದದ್ದು ಕುಡುಗೋಲನ್ನು. ಅವಳ ಬಾಯಿಯನ್ನು ಮೊದಲು ಮುಚ್ಚಿಸಿದರೆ ಉಳಿದವರದು ತಾನಾಗಿ ಮುಚ್ಚುತ್ತದೆ ಅಂತ ಅವನ ಲೆಕ್ಕ.

"ಬಾ. ಎಡಗೈ ಕೊಡು."

ಕುಡುಗೋಲು ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಒತ್ತಲ್ಲ."

"ಏನಂದೆ?"

"ಒತ್ತಲ್ಲ ಅಂದೆ. ಕಿವಿಗೆ ಕಳೆ ಬೆಳೆದಿದೆಯಾ? ಏಳನೇ ನಂಬರಿನ ರಕ್ತ ಗುಬ್ಬೀದಲ್ಲ. ನಂದು."

ಡಾಕ್ಟರಮ್ಮ ಥಟ್ಟನೆ ಮುಂದೆ ಬಂದಳು. "ಏನು ಹಾಗಂದ್ರೆ?"

"ಅವಳ ಕಾರ್ಡು ಹಾಕ್ಕೊಂಡು ನಾನು ಹೋಗಿದ್ದೆ. ಅವಳಿಗೆ ಕೆಟ್ಟದ್ದಾಗಲಿ ಅಂತಾನೇ ಹೋಗಿದ್ದೆ. ಸುಳ್ಳು ಯಾಕೆ ಹೇಳಲಿ? ನನ್ನ ಹುಳ ಅವಳ ತಲೆಗೆ ಕಟ್ಟೋಣ ಅಂತ ಹೋಗಿದ್ದೆ. ನೋಡಿದ್ರೆ ನನ್ನಲ್ಲಿ ಹುಳಾನೇ ಇಲ್ಲ!" ಅವಳು ಸಾಹೇಬನ ಕಡೆ ತಿರುಗಿದಳು. "ಕೇಳಿಸ್ಕೊಳ್ಳಿ ಸಾಹೇಬ್ರೆ. ಹುಳದವಳು ಅಂತ ಕಲ್ಲು ಒಡೆಸಿದ್ರಲ್ಲ, ಕೊಡಕ್ಕೆ ಬಣ್ಣ ಬಳಿದ್ರಲ್ಲ, ಅವಳ ರಕ್ತ ಶುದ್ಧ. ನಿಮ್ಮ ನೀರಿಗೆ ಇಳಿದೋರಲ್ಲಿ ಒಬ್ಬಳೂ ಶುದ್ಧ ಇಲ್ಲ. ಒಬ್ಬಳೂ. ಈಗ ಹೇಳಿ, ತಪ್ಪು ಯಾರ ಅಭ್ಯಾಸದ್ದು?"

ಸಾಹೇಬನ ಮುಖ ಕೆಂಪಾಯಿತು. "ಇದು ಮೋಸ. ಪೊಲೀಸಿಗೆ ಕೊಡ್ತೀನಿ. ಏ ಗುಬ್ಬಿ, ಇವಳು ಹೇಳೋದು ಸುಳ್ಳು ತಾನೇ?"

ಎಲ್ಲರ ಕಣ್ಣೂ ಗುಬ್ಬಿಯ ಮೇಲೆ. ಸುಳ್ಳು ಅಂದರೆ ಅವಳು ಮುಂದಾಳು. ನಿಜ ಅಂದರೆ ಬೀದಿಪಾಲು. ಕುಡುಗೋಲೂ ನೋಡಿದಳು. ಆ ಹೊತ್ತಿನಲ್ಲೂ ಅವಳ ಒಳಗೆ ಒಂದು ಮೂಲೆ, ಇವಳು ಸುಳ್ಳು ಹೇಳಲಿ, ಆಗ ಜನ್ಮವಿಡೀ ದ್ವೇಷಿಸಬಹುದು, ಅನ್ನುತ್ತಿತ್ತು.

ಗುಬ್ಬಿ ಕಾರ್ಡನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. "ನಿಜ" ಅಂದಳು. ಬೊಗಸೆಯಷ್ಟು ದನಿ. ಆದರೆ ಎಲ್ಲರಿಗೂ ಕೇಳಿಸಿತು. "ನನಗೆ ಒಂದು ತಿಂಗಳಿಂದ ರಕ್ತ ಹೋಗ್ತಿದೆ. ನಾನು ನೀರಿಗೆ ಇಳಿಯಲ್ಲ."

ಅಷ್ಟು ಹೇಳಿ ಅವಳು ದಂಡೆಯ ಮಣ್ಣಿನ ಮೇಲೆ ಕೂತುಬಿಟ್ಟಳು. ಮೇಸ್ತ್ರಿ ಅವಳ ರಟ್ಟೆಗೆ ಕೈ ಹಾಕಿ ಎಳೆದ. ಕುಡುಗೋಲು ಅವನ ಕೈಯನ್ನು ಕಿತ್ತೆಸೆದಳು. "ಮುಟ್ಟಬೇಡ ಕಣೋ. ಹುಳ ಅಂಟಿಕೊಂಡೀತು!" ಮೇಸ್ತ್ರಿ ನಿಜಕ್ಕೂ ಕೈ ಹಿಂದೆಗೆದ. ಯಾರೋ ಫಕ್ಕನೆ ನಕ್ಕರು. ಆ ನಗು ಸಾಲಿನುದ್ದಕ್ಕೂ ಹೋಯಿತು. ಒಬ್ಬೊಬ್ಬರಾಗಿ ಹೆಂಗಸರು ಕೂತರು. ಹತ್ತೊಂಬತ್ತು ಜನ. ಶಾಯಿಯ ಡಬ್ಬಿ ಬಿಸಿಲಿಗೆ ಒಣಗಿತು.

ಡಾಕ್ಟರಮ್ಮನಿಗೂ ಸಿಟ್ಟು ಬಂದಿತ್ತು. "ನನ್ನ ಒಂಬತ್ತು ತಿಂಗಳ ಅಧ್ಯಯನ ಹಾಳು ಮಾಡಿದ್ರಲ್ಲ. ಒಂದು ಮಾತು ಕೇಳಬಾರದಿತ್ತಾ?"

"ಡಬ್ಬಿ ಕುಲುಕುವಾಗ ನೀವು ನಮ್ಮನ್ನ ಕೇಳಿದ್ರಾ?" ಅಂದಳು ಕುಡುಗೋಲು. "ನಿಮ್ಮ ಕಾಗದ ಹಾಳಾಯ್ತು ಅಂತ ಇಷ್ಟು ಸಂಕಟ. ನಮ್ಮ ಮೈ ಹಾಳಾದಾಗ ಹತ್ತು ಜನ ಸಾಕು ಅಂದ್ರಿ."

ಡಾಕ್ಟರಮ್ಮ ಎದ್ದು ಹೊರಟುಹೋದಳು. ಐದನೆಯ ದಿನ ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದಳು. ಯಾರ ಕಾಲು ಹಿಡಿದಳೋ, ಯಾರ ಜೊತೆ ಜಗಳವಾಡಿದಳೋ, ಹತ್ತೊಂಬತ್ತು ಜನರ ರಕ್ತವನ್ನೂ ದಂಡೆಯ ಮೇಲೇ ತೆಗೆದುಕೊಂಡಳು. ಈ ಸಲ ಪ್ರತಿಯೊಬ್ಬರ ಮುಖ ನೋಡಿ ಹೆಸರು ಕೇಳಿದಳು. ಕಲ್ಲು ಒಡೆದ ಒಂಬತ್ತು ಜನರಲ್ಲಿ ಏಳು ಜನ ಶುದ್ಧ. ಇಬ್ಬರಿಗೆ ಮಾತ್ರೆ ಪೂರ್ತಿ ಹಿಡಿದಿರಲಿಲ್ಲ. ನೀರಿಗೆ ಇಳಿದ ಹತ್ತೂ ಜನರಿಗೆ ಹುಳ. ಆ ಕಾಗದದ ಪ್ರತಿಯನ್ನು ಅವಳು ನಿಗಮಕ್ಕೆ ಮಾತ್ರ ಕಳಿಸಲಿಲ್ಲ. ಕಾಲುವೆಯ ನೀರು ಕುಡಿಯುವ ಊರಿನ ಬೀದಿಬೀದಿಗೂ ಅದು ಹೋಯಿತು.

ಅಷ್ಟರಲ್ಲಿ ಕೊಯ್ಯುವವರಿಲ್ಲದೆ ಕಳೆ ತೂಬಿಗೆ ಕಟ್ಟಿಕೊಂಡಿತ್ತು. ನಲ್ಲಿಯಲ್ಲಿ ನಾತ ಬರತೊಡಗಿತು. ಹನ್ನೊಂದನೆಯ ದಿನ ನಿಗಮ ಬಗ್ಗಿತು. ಎರಡು ಗೆರೆಯ ಪಟ್ಟಿ ರದ್ದು. ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಜೀವಂತ ಹುಳದ ಪರೀಕ್ಷೆ, ಹುಳ ಬಂದರೆ ಮಾತ್ರೆ ಮತ್ತು ಪೂರ್ತಿ ಕೂಲಿ. ಎದೆಯ ತನಕ ಬರುವ ರಬ್ಬರ್ ಬೂಟು. ದಂಡೆಯ ಮೇಲೆ ಕಕ್ಕಸು. ಹದಿನೇಳು ಜನರಿಗೆ ಮತ್ತೆ ಕೆಲಸ.

ಹತ್ತೊಂಬತ್ತಲ್ಲ. ಹದಿನೇಳು. ಮೋಸದ ರಕ್ತ ಕೊಟ್ಟ ಇಬ್ಬರಿಗೆ ನಿಗಮದಲ್ಲಿ ಜಾಗವಿಲ್ಲ.

ಹದಿನೇಳು ಜನ ಬಂದು ತಲೆ ತಗ್ಗಿಸಿ ನಿಂತರು. "ಒಲೆ ಉರೀಬೇಕಲ್ಲಕ್ಕ" ಅಂದಳು ಒಬ್ಬಳು. "ಹೋಗ್ರೇ, ಹೋಗಿ" ಅಂದಳು ಕುಡುಗೋಲು. ಗಂಡ ಎರಡು ದಿನ ಮಾತು ಬಿಟ್ಟ. ಅತ್ತೆ ಮಾತ್ರ, "ಇಬ್ಬರೂ ಸೇರ್ಕೊಂಡು ಮನೆಗೆ ಮಣ್ಣು ಹಾಕಿದ್ರಿ. ಒಂದೇ ಒಂದು ಸಮಾಧಾನ, ಸೇರಿದ್ರಲ್ಲ" ಅಂದಳು. ಡಾಕ್ಟರಮ್ಮ ಗುಬ್ಬಿಗೆ ಮತ್ತೆ ಮಾತ್ರೆ ಕೊಟ್ಟಳು. ಕುಡುಗೋಲು ಅವಳ ಹಣೆ ಹಿಡಿದು ವಾಂತಿ ಮಾಡಿಸಿದಳು. ಮಾಡಿಸುತ್ತ ಬೈದಳು.

ತಿಂಗಳ ಮೊದಲ ದಿನ ಬೂಟು ಬಂದವು. ಕುಡುಗೋಲು ನೋಡಲು ಹೋದಳು. ಹೋಗಬಾರದು ಅಂದುಕೊಂಡೇ ಹೋದಳು. ಹದಿನೇಳು ಜನ ಹೊಸ ಕಪ್ಪು ಬೂಟು ಎದೆಯ ತನಕ ಎಳೆದುಕೊಳ್ಳುತ್ತಿದ್ದರು. ಒಬ್ಬಳ ಬೂಟು ಇನ್ನೊಬ್ಬಳಿಗೆ ಹಾಕಿ ನಗುತ್ತಿದ್ದರು. ಆಚೆ ಕಕ್ಕಸಿನ ತಗಡು ಹೊಳೆಯುತ್ತಿತ್ತು. ಅದಕ್ಕೆ ಚಿಲಕ ಬೇರೆ.

ಉರಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಇವತ್ತು ಉರಿಯಿತು. ನನ್ನ ರಕ್ತ ಕೊಟ್ಟು ತರಿಸಿದ ಬೂಟು. ನನ್ನ ಬಾಯಿ ಕಟ್ಟಿಸಿದ ಕಕ್ಕಸು. ಹದಿನೇಳು ಜನರ ಕಾಲಲ್ಲಿ ಅವು ಇವೆ, ನನ್ನ ಕಾಲಲ್ಲಿ ಇಲ್ಲ. ಈ ಸಲ ಆ ಉರಿಯನ್ನು ಅವಳು ಹೆಂಗಸರ ಮೇಲೆ ಚೆಲ್ಲಲಿಲ್ಲ. ಹೊತ್ತುಕೊಂಡು ನೇರ ಆಫೀಸಿನ ಗೇಟಿಗೆ ನಡೆದಳು. ಸಾಹೇಬನ ಜೀಪು ಹೊರಬರುವ ಜಾಗದಲ್ಲಿ, ದಾರಿಗೆ ಅಡ್ಡಲಾಗಿ, ಕಾಲು ಚಾಚಿ ಕೂತಳು.

ಮೇಸ್ತ್ರಿ ಓಡಿ ಬಂದ. "ಏಳು. ಏನು ಬೇಕು ನಿನಗೆ?"

"ಬೂಟು."

"ಹದಿನೇಳು ಜೊತೆ ಬಂದಿದ್ದು. ಮುಗೀತು."

"ಇನ್ನೆರಡು ಜೊತೆ ತರಿಸು. ನನ್ನ ಕಾಲಿನ ಅಳತೆ ತಗೋ. ಅವಳದು ಚಿಕ್ಕದು, ಮಕ್ಕಳ ಅಳತೆ. ಅಲ್ಲೀವರೆಗೂ ನಿಮ್ಮ ಜೀಪು ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ."

ಜೀಪು ಒಳಗೆ ಹಾರ್ನು ಹೊಡೆಯಿತು. ಎರಡು ಸಲ, ಮೂರು ಸಲ. ಅವಳು ಕದಲಲಿಲ್ಲ. ಕಾಲುವೆಯ ಕಡೆ ನಗು ನಿಂತಿತು. ಬೂಟು ಹಾಕಿದ ಹೆಂಗಸರು ಎದ್ದು ನಿಂತು ಈ ಕಡೆ ನೋಡತೊಡಗಿದರು. ಅಷ್ಟರಲ್ಲಿ ಸುದ್ದಿ ಯಾರು ಮುಟ್ಟಿಸಿದರೋ, ಗುಬ್ಬಿ ಏದುಸಿರು ಬಿಡುತ್ತ ಬಂದಳು. ಮಾತ್ರೆಯ ಸುಸ್ತು ಇನ್ನೂ ಹೋಗಿರಲಿಲ್ಲ. ನೇರ ವಾರಗಿತ್ತಿಯ ಪಕ್ಕದಲ್ಲಿ, ಗೇಟಿನ ಕಂಬದ ನೆರಳಿಗೆ ಕೂತಳು.

ಕುಡುಗೋಲು ಅವಳನ್ನು ಓರೆಗಣ್ಣಲ್ಲಿ ನೋಡಿದಳು.

"ಸ್ವಲ್ಪ ಸರಿಯೇ ಆ ಕಡೆ. ನೆರಳೆಲ್ಲ ನೀನೇ ತಗೋಬೇಡ."